ಪಾಪದಲ್ಲಿ ಒಂದು ಪಾಲು

ಹೊಣೆಮಾಪಕವು ಅಳಿವೆಯ ನೀರಿಗೆ ತನ್ನ ಸೊಂಡಿಲು ಇಳಿಬಿಟ್ಟು ಗುರುಗುಟ್ಟತೊಡಗಿದಾಗ ದಡದಲ್ಲಿ ಸೇರಿದ್ದ ಜನ ಮಾತು ನಿಲ್ಲಿಸಿದರು. ಹೊಲಿಗೆ ಯಂತ್ರದಷ್ಟೇ ದೊಡ್ಡದಾದ ಈ ಉಪಕರಣದ ಮುಂದೆ ಲೋಕದ ಯಾವ ಮಾಲಿನ್ಯವೂ ತನ್ನ ಹೆತ್ತವರ ಹೆಸರು ಮುಚ್ಚಿಡಲಾರದು ಎಂದು ಪತ್ರಿಕೆಗಳು ಕೊಂಡಾಡಿದ್ದವು. ಹೊಳೆ ಕೆಟ್ಟಿರುವುದು ಎಲ್ಲರಿಗೂ ಕಾಣುತ್ತಿತ್ತು. ಕೆಡಿಸಿದವರು ಯಾರೆಂಬುದೂ ಕಾಣುತ್ತಿತ್ತು, ಏಕೆಂದರೆ ಬಣ್ಣದ ಕಾರ್ಖಾನೆಯ ಕೊಳವೆ ಅಲ್ಲೇ ತುಸು ಮೇಲೆ ಹಾಡುಹಗಲೇ ನೇರಳೆ ನೀರು ಕಾರುತ್ತಿತ್ತು. ಆದರೆ ಕಣ್ಣಿಗೆ ಕಂಡಿದ್ದನ್ನು ಸಾಕ್ಷಿಯೆಂದು ಒಪ್ಪುವ ಕಾಲ ಮುಗಿದು ಹಲವು ವರ್ಷಗಳಾಗಿದ್ದವು. ಈಗ ಯಂತ್ರ ಹೇಳಬೇಕು.

ದೂರು ಕೊಟ್ಟವಳು ವಾರಿಜ ಕರ್ಕೇರ, ಊರಿನವರ ಬಾಯಲ್ಲಿ ವಾರಿಜಕ್ಕ. ಮದುವೆಯಾಗಿ ಬಂದಂದಿನಿಂದ ಅವಳು ನೀರು ಇಳಿಯುವ ಹೊತ್ತಿಗೆ ಸೊಂಟದಾಳಕ್ಕೆ ಹೋಗಿ, ಕಾಲಲ್ಲಿ ತಡಕಿ, ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಸಂತೆಗೆ ಹೊತ್ತವಳು. ಈ ವರ್ಷ ಬುಟ್ಟಿಗೆ ಬಂದದ್ದೆಲ್ಲ ಬಾಯಿ ತೆರೆದು ಸತ್ತ ಚಿಪ್ಪು. ಆ ಕೊಳವೆ ನಿಲ್ಲದಿದ್ದರೆ ನಡುಹೊಳೆಯಲ್ಲಿ ಉಳಿದಿರುವ ಒಂದಿಷ್ಟು ಮರುವಾಯಿಯೂ ಸಾಯುತ್ತದೆ, ಮುಂದೆ ಹುಟ್ಟುವುದಕ್ಕೆ ಬೀಜವೂ ಇರುವುದಿಲ್ಲ. ಅವಳಿಗೆ ಬೇಕಾಗಿದ್ದು ಅಷ್ಟೇ, ಕೊಳವೆಯ ಬಾಯಿ ಮುಚ್ಚಬೇಕು.

ಯಂತ್ರವನ್ನು ಕಂಡುಹಿಡಿದ ಡಾ. ಸರ್ವಮಂಗಳಾ ಮೈಸೂರಿನಿಂದ ಖುದ್ದಾಗಿ ಬಂದಿದ್ದರು. ಚೊಚ್ಚಲ ಮಗುವನ್ನು ತೋರಿಸುವ ತಾಯಿಯ ಉತ್ಸಾಹ ಅವರದು.

“ನೋಡೀಮ್ಮಾ, ಈಗ ಪ್ರತಿಯೊಂದು ರಾಸಾಯನಿಕಕ್ಕೂ ಅಣುಮುದ್ರೆ ಇರುತ್ತೆ. ಯಾರು ಮಾಡಿದ್ದು, ಯಾರಿಗೋಸ್ಕರ ಮಾಡಿದ್ದು, ಅದರಿಂದ ಲಾಭ ಯಾರಿಗಾಯ್ತು, ಎಲ್ಲಾನೂ ಯಂತ್ರ ಓದಿಬಿಡುತ್ತೆ. ಆಮೇಲೆ ಯಾರ ಪಾಪ ಎಷ್ಟು ಅಂತ ಹಂಚುತ್ತೆ.”

“ಹಂಚುದು ಎಂತಕ್ಕೆ ಡಾಕ್ಟ್ರೇ? ಫ್ಯಾಕ್ಟರಿ ಅಲ್ಲೇ ಉಂಟಲ್ಲ. ಇಲ್ಲಿಂದ ಕೂಗಿದ್ರೆ ಕೇಳ್ತದೆ.”

“ಅದು ಹಳೇ ಕಾಲದ ಯೋಚನೆ ಕಣಮ್ಮಾ,” ಎಂದರು ಡಾಕ್ಟರು, ಮಮತೆಯಿಂದಲೇ.

ಹಳೆಯ ಕಾಲದಲ್ಲಿ ಅಪರಾಧಕ್ಕೊಂದು ಊರಿರುತ್ತಿತ್ತು, ಅಪರಾಧಿಗೊಂದು ಮುಖವಿರುತ್ತಿತ್ತು. ಜಾಗತೀಕರಣವು ಈ ಒರಟುತನವನ್ನು ತಿದ್ದಿತ್ತು. ನೇರಳೆ ಬಣ್ಣದ ಪುಡಿ ಒಂದು ದೇಶದ್ದು, ಅದರ ಸೂತ್ರ ಇನ್ನೊಂದು ದೇಶದ್ದು. ಕಾರ್ಖಾನೆಯ ಒಡೆತನ ಯಾವುದೋ ದ್ವೀಪದ ಒಂದು ಅಂಚೆಪೆಟ್ಟಿಗೆಗೆ ಸೇರಿತ್ತು. ಆ ಪೆಟ್ಟಿಗೆಯ ಷೇರುಗಳು ಚಳಿದೇಶವೊಂದರ ನಿವೃತ್ತ ಶಿಕ್ಷಕರ ಪಿಂಚಣಿ ನಿಧಿಯಲ್ಲಿದ್ದವು. ಬಣ್ಣ ಬಳಿಯುತ್ತಿದ್ದದ್ದು ಓಟದ ಬೂಟಿಗೆ. ಅದನ್ನು ತೊಟ್ಟು ಲೋಕದ ತುಂಬ ಜನ ಆರೋಗ್ಯಕ್ಕಾಗಿ ಓಡುತ್ತಿದ್ದರು. ಹೊಣೆಮಾಪಕ ಇವರೆಲ್ಲರಿಗೂ ಪಾಪವನ್ನು ದೇವಸ್ಥಾನದ ತೀರ್ಥದಂತೆ ಹನಿಹನಿಯಾಗಿ ಹಂಚಿತು. ಯಾರ ಪಾಲೂ ಕಾನೂನಿನ ಕನಿಷ್ಠ ಹೊಣೆಯನ್ನು ಮುಟ್ಟಲಿಲ್ಲ. ಬೇರೆಯವರ ಆಜ್ಞೆಯಂತೆ ಕೂಲಿಗೆ ಬಣ್ಣ ಕಲಸುತ್ತಿದ್ದ ಕಾರ್ಖಾನೆಯೂ ಸಲೀಸಾಗಿ ಪಾರಾಯಿತು. ಲಾಭ ಮಾತ್ರ ಹೀಗೆ ಹನಿಹನಿಯಾಗಿ ಹರಿದುಹೋಗದೆ ಅಂಚೆಪೆಟ್ಟಿಗೆಯಲ್ಲೇ ಹೇಗೆ ಉಳಿಯಿತೆಂದು ಯಂತ್ರವನ್ನು ಯಾರೂ ಕೇಳಿರಲಿಲ್ಲ.

ಕಾರ್ಖಾನೆಯ ವಕೀಲ ಬಲ್ಲಾಳರು ಕೈಗಡಿಯಾರ ನೋಡಿಕೊಳ್ಳುತ್ತಿದ್ದಾಗ ಯಂತ್ರದ ಪರದೆ ಕೆಂಪಾಯಿತು. ಒಬ್ಬ ಪೂರ್ಣ ಅಪರಾಧಿ ಸಿಕ್ಕಿದ್ದರು. ಮಾಲಿನ್ಯ, ಚಿಪ್ಪು. ಎಸೆದವರು, ವಾರಿಜ ಕರ್ಕೇರ. ಪಾಲುದಾರರು ಯಾರೂ ಇಲ್ಲ.

ವಾರಿಜಕ್ಕ ವರ್ಷವರ್ಷವೂ ಚಿಪ್ಪು ಸುರಿಯುತ್ತಿದ್ದದ್ದು ನಿಜ. ಮಳೆಗಾಲ ಕಳೆದು ಮೊದಲ ಬುಟ್ಟಿ ಮರುವಾಯಿ ಬೇಯಿಸಿದ ಮೇಲೆ ಅದರ ಚಿಪ್ಪನ್ನು ಸುಣ್ಣದ ಗೂಡಿಗೆ ಮಾರಬಾರದು, ಹೆಕ್ಕಿದ ಜಾಗಕ್ಕೇ ಮರಳಿಸಬೇಕು, ಮರಿಗಳಿಗೆ ನೆಲೆ ಬೇಕಲ್ಲ ಎಂದು ಅತ್ತೆ ಕಲಿಸಿದ್ದರು. ಊರಿನ ಹೆಂಗಸರ ಪರವಾಗಿ ಹಿರಿಯ ಸೊಸೆಯಾದ ಅವಳೊಬ್ಬಳೇ ಅದನ್ನು ಸುರಿಯುವುದು ರೂಢಿ. ಚಿಪ್ಪಿನ ಮೇಲೆ ಅವಳ ಬೆವರಿನ ಗುರುತಿತ್ತು. ಒಬ್ಬಳೇ ಮಾಡಿದ ಕೆಲಸ, ಒಂದೇ ಊರಿನಲ್ಲಿ ಮಾಡಿದ ಕೆಲಸ. ಹಂಚಲು ಯಂತ್ರಕ್ಕೆ ಇನ್ನೊಬ್ಬರು ಸಿಗಲಿಲ್ಲ.

ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. “ಇದಕ್ಕೆ ಮಂಡೆ ಸಮ ಉಂಟಾ ಡಾಕ್ಟ್ರೇ?”

ಡಾಕ್ಟರ ಮುಖ ಬಿಳಿಚಿತ್ತು. “ಯಂತ್ರ ತಪ್ಪು ಮಾಡಿಲ್ಲಮ್ಮಾ. ಅದೇ ನನಗೂ ಗಾಬರಿ,” ಎಂದರು ಮೆಲ್ಲಗೆ. “ಒಪ್ಕೋಬೇಡಿ. ಮೇಲ್ಮನವಿ ಹಾಕೋಣ.”

ತೀರ್ಪು ಕೊಡಲೆಂದು ದಡದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಪರಿಸರ ನ್ಯಾಯಾಧಿಕಾರಿ ಆಕಳಿಸುತ್ತ ಕಾಯಿದೆಯ ಕಲಮು ಓದಿದರು. ಅಪರಾಧಿಯು ಕೆಡಿಸಿದ ಸ್ಥಳವನ್ನು ತಾನೇ ಸರಿಪಡಿಸತಕ್ಕದ್ದು. ಅಲ್ಲಿಯವರೆಗೆ ಆ ಸ್ಥಳವು ಅಪರಾಧಿಯ ವಶದಲ್ಲಿರತಕ್ಕದ್ದು. ಈ ಕಲಮನ್ನು ಬರೆಸಿದವರು ಕಾರ್ಖಾನೆಗಳ ಮಾಲೀಕರೇ. ಎಂದಾದರೂ ಸಿಕ್ಕಿಬಿದ್ದರೆ ಹೊಳೆಯೇ ಕೈಗೆ ಬರಲಿ, ಬೇಲಿ ಹಾಕಿ ಫಲಕ ನೆಟ್ಟು ನೆಮ್ಮದಿಯಾಗಿರೋಣ ಎಂಬ ದೂರದೃಷ್ಟಿ ಅವರದಾಗಿತ್ತು. ಶಿಕ್ಷೆಯಲ್ಲೂ ನಾಲ್ಕು ಕಾಸು ಹುಟ್ಟದಿದ್ದರೆ ಅದೆಂಥ ಪ್ರಗತಿ?

ವಾರಿಜಕ್ಕನ ಕಿವಿಗೆ ಬಿದ್ದದ್ದು ಒಂದೇ ಮಾತು.

“ವಶ ಅಂದ್ರೆ? ಹೊಳೆಗೆ ಎಂತ ಬರ್ಬೇಕು, ಎಂತ ಬರ್ಬಾರ್ದು, ನಾನು ಹೇಳ್ಬಹುದಾ?”

ಅಧಿಕಾರಿ ಪುಟ ತಿರುವಿ ನೋಡಿದರು. ಅವರೂ ಅಲ್ಲಿಯವರೆಗೆ ಓದಿರಲಿಲ್ಲ. “ಹೇಳಬಹುದು,” ಎಂದರು ತುಸು ತಡೆದು.

“ಹಾಗಾದ್ರೆ ಒಪ್ಪಿದೆ. ಎಲ್ಲ ನಾನೇ ಮಾಡಿದ್ದು. ಬೇಗ ಬರ್ಕೊಳ್ಳಿ.”

ಮರುದಿನ ಊರಿನ ಹೆಂಗಸರು ಮರಳಿನ ಚೀಲ ಒಟ್ಟಿ, ಸಿಮೆಂಟು ಮೆತ್ತಿ, ಕೊಳವೆಯ ಬಾಯಿ ಮುಚ್ಚಿದರು. ಪೊಲೀಸರು ಬಂದು ಕಾಯಿದೆ ಓದಿ, ಕಾವಲಿಗೆ ಒಬ್ಬ ಪೇದೆಯನ್ನು ಬಿಟ್ಟು ಹೋದರು. ಅಪರಾಧಿಯ ಕೆಲಸಕ್ಕೆ ಅಡ್ಡಿಯಾಗಬಾರದಲ್ಲ. ಕಾರ್ಖಾನೆ ನಿಂತಿತು. ಬೂಟುಗಳು ಬಣ್ಣವಿಲ್ಲದೆ ಬಂದರಿನಲ್ಲಿ ಬಿದ್ದವು. ಅಂಚೆಪೆಟ್ಟಿಗೆಗೆ ಎದೆನೋವು ಬಂತು.

ವಶದಲ್ಲಿ ಪಾಲು ಬೇಕಾದರೆ ಅಪರಾಧದಲ್ಲಿ ಪಾಲಿರಬೇಕೆಂದು ಕಾಯಿದೆ ಹೇಳುತ್ತಿತ್ತು. ಆಗ ಶುರುವಾದ ಪಶ್ಚಾತ್ತಾಪದಂಥದ್ದನ್ನು ಕರಾವಳಿ ಎಂದೂ ಕಂಡಿರಲಿಲ್ಲ. ಪಿಂಚಣಿ ನಿಧಿಯವರು ನಾವೂ ಪಾಪಿಗಳೇ ಎಂದು ಪ್ರಮಾಣಪತ್ರ ಸಲ್ಲಿಸಿದರು. ಸೂತ್ರದ ದೇಶವೂ ಪುಡಿಯ ದೇಶವೂ ತಪ್ಪು ತನ್ನದೇ ಹೆಚ್ಚೆಂದು ಜಗಳಕ್ಕೆ ಬಿದ್ದವು. ಡಾ. ಸರ್ವಮಂಗಳಾ ಅವರನ್ನು ವಿಮಾನದಲ್ಲಿ ಕರೆಸಿ ಹೊಳೆಯನ್ನು ಮತ್ತೆ ಅಳೆಸಿದರು. ಹೊಣೆಮಾಪಕ ಜಪ್ಪಯ್ಯ ಎನ್ನಲಿಲ್ಲ. ಎಲ್ಲರೂ ನಿರಪರಾಧಿಗಳೆಂದು ಮತ್ತೆ ಮತ್ತೆ ಸಾರಿತು.

ಕೊನೆಗೆ ಬಲ್ಲಾಳರೇ ವಾರಿಜಕ್ಕನನ್ನು ಹುಡುಕಿಕೊಂಡು ಹೊಳೆಯ ದಡಕ್ಕೆ ಬಂದರು. ಜೊತೆಗೆ ಕಾರ್ಖಾನೆಯ ಮುಖ್ಯಸ್ಥರಿದ್ದರು. ಯಂತ್ರ ಒಪ್ಪದಿದ್ದರೇನು, ಅಪರಾಧಿ ಒಪ್ಪಿದರೆ ಸಾಕು ಎಂದು ಬಲ್ಲಾಳರು ಹೊಸ ದಾರಿ ಹುಡುಕಿದ್ದರು.

“ಅಕ್ಕಾ, ನಮ್ಮದೂ ತಪ್ಪುಂಟು ಅಂತ ನೀವು ಒಂದು ಮಾತು ಹೇಳಿ. ಆ ನೀರಿಂದ ಮರುವಾಯಿ ಸಾಯ್ತದೆ ಅಂತ ನಮಗೆ ಗೊತ್ತಿತ್ತು. ಸುಳ್ಳಲ್ಲ, ಕಾರ್ಖಾನೆ ಕಟ್ಟುವ ಮೊದಲೇ ಗೊತ್ತಿತ್ತು. ಬೇಕಾದ್ರೆ ಸಾಹೇಬ್ರನ್ನೇ ಕೇಳಿ.”

ಮುಖ್ಯಸ್ಥರು ಹೆಮ್ಮೆಯಿಂದ ತಲೆಯಾಡಿಸಿದರು.

ವಾರಿಜಕ್ಕ ಇಬ್ಬರನ್ನೂ ನೋಡಿದಳು. ಇವರಿಗೆ ತಿಳಿಯದೆ ಆಗಿರಬಹುದು, ತಿಳಿಸಿ ಹೇಳಿದರೆ ನಿಲ್ಲಿಸಿಯಾರು ಎಂದು ಇಷ್ಟು ತಿಂಗಳು ಅವಳು ಒಳಗೊಳಗೇ ನಂಬಿದ್ದಳು. ಆ ನಂಬಿಕೆಗಾಗಿ ಅವಳಿಗೆ ಈಗ ನಾಚಿಕೆಯಾಯಿತು.

“ಲಾಭ ಬಂದಾಗ ನನಗೆ ಪಾಲು ಕೊಟ್ಟಿದ್ದೀರಾ?” ಎಂದಳು. “ಇದು ನನ್ನ ಪಾಪ. ಇದರಲ್ಲಿ ನಾನು ಯಾರಿಗೂ ಪಾಲು ಕೊಡುದಿಲ್ಲ.”

ಅಷ್ಟು ಹೇಳಿ ಬುಟ್ಟಿ ತೆಗೆದುಕೊಂಡು ನೀರಿಗಿಳಿದಳು. ನಡುಹೊಳೆಯಲ್ಲಿ ಜೀವ ಉಳಿದಿದೆಯೋ ಇಲ್ಲವೋ ಅವಳಿಗಿನ್ನೂ ಗೊತ್ತಿರಲಿಲ್ಲ. ದಡದಲ್ಲಿ ಇಬ್ಬರು ದೊಡ್ಡ ಮನುಷ್ಯರು ತಮ್ಮ ತಪ್ಪೊಪ್ಪಿಗೆ ಹಿಡಿದುಕೊಂಡು ಬಿಸಿಲಲ್ಲಿ ನಿಂತೇ ಇದ್ದರು.