ನಲವತ್ತು ಎಡತೋಳುಗಳು

ಸೊಸೆಯ ಅಂಗಿಗುಂಡಿಗಳ ಡಬ್ಬದ ತಳದಲ್ಲಿ ಮಾತ್ರೆಗಳು ಸಿಕ್ಕಿದ್ದೇ ತಡ, ಅತ್ತೆ ಅವನ್ನು ತಂದು ಅವಳ ಮುಂದೆ ಕುಕ್ಕಿದರು.

"ಇದು ತಲೆಕೆಟ್ಟವರು ತಗೊಳ್ಳೋದಲ್ವಾ? ಇವತ್ತೇ ನಿಲ್ಲಿಸು."

ಬಟ್ಟೆಗೆ ಗುರುತು ಹಾಕುತ್ತಿದ್ದ ಸೀಮೆಸುಣ್ಣವನ್ನು ಸೊಸೆ ಕೆಳಗಿಟ್ಟಳು. ಮನೆಯ ಮುಂಭಾಗದ ಆ ಹೊಲಿಗೆ ಅಂಗಡಿಯಲ್ಲಿ ಕತ್ತರಿ ಅವಳದು, ಮೆಷಿನ್ನು ಗಂಡನದು, ಇಸ್ತ್ರಿ ಅತ್ತೆಯದು. ಗಿರಾಕಿಗಳೆಲ್ಲ ಅತ್ತೆಯನ್ನು ಇಸ್ತ್ರಿಯಮ್ಮ ಎನ್ನುತ್ತಿದ್ದರು. ಮಾತೂ ಅಷ್ಟೇ ಬಿಸಿ.

ಎರಡು ತಿಂಗಳ ಹಿಂದೆ ಶಾಲೆಯ ಇಪ್ಪತ್ತು ಅಂಗಿಗಳಿಗೆ ತೋಳು ಕತ್ತರಿಸುವಾಗ ಸೊಸೆ ಬಲತೋಳಿಗೆ ಬಟ್ಟೆ ಮಗುಚಿ ಹಾಕುವುದನ್ನೇ ಮರೆತಿದ್ದಳು. ನಲವತ್ತೂ ಎಡತೋಳುಗಳು! ಹನ್ನೆರಡು ವರ್ಷ ಕತ್ತರಿ ಹಿಡಿದವಳು ಮಾಡುವ ತಪ್ಪೇ ಅದು? ಅತ್ತೆ ಸೋಮಾರಿತನ ಎಂದರು, ಕೊಬ್ಬು ಎಂದರು. ನಿದ್ದೆಯಿಲ್ಲದೆ, ಅನ್ನ ಸೇರದೆ, ಯಾವುದೂ ಬೇಡವೆನ್ನಿಸಿ ಅವಳು ಒಳಗೊಳಗೇ ಕುಸಿಯುತ್ತಿದ್ದುದನ್ನು ಯಾರೂ ಕೇಳಲಿಲ್ಲ... ಕೊನೆಗೆ ಅವಳೇ ದಾರ ತರುವ ನೆವ ಹೇಳಿ ಮನೋವೈದ್ಯೆಯ ಬಾಗಿಲು ತಟ್ಟಿದಳು. ವಾರಕ್ಕೊಮ್ಮೆ ಮಾತುಕತೆ, ದಿನಕ್ಕೊಂದು ಮಾತ್ರೆ. ಈಗೀಗ ಬೆಳಗಾದರೆ ಏಳಬೇಕೆನ್ನಿಸುತ್ತಿತ್ತು, ಅಷ್ಟೇ. ಆ ಅಷ್ಟೇ ಎಷ್ಟು ದೊಡ್ಡದೆಂದು ಬಲ್ಲವರೇ ಬಲ್ಲರು.

"ನಿಲ್ಲಿಸಲ್ಲ ಅತ್ತೆ. ಡಾಕ್ಟರ್ ಹೇಳಿದಾಗ ನಿಲ್ಲಿಸ್ತೀನಿ. ಮತ್ತೆ ಮೊದಲಿನ ಹಾಗಾದ್ರೆ... ನನಗೆ ತಡ್ಕೊಳ್ಳೋ ಶಕ್ತಿ ಇಲ್ಲ."

"ಹಾಗಾದ್ರೆ ಈ ಮನೇಲಿ ನಿನಗೆ ಜಾಗ ಇಲ್ಲ."

ಮೆಷಿನ್ನು ನಿಂತಿತು. ಅಮ್ಮನೆದುರು ಎಂದೂ ತುಟಿ ಬಿಚ್ಚದ ಗಂಡ ಎದ್ದು ನಿಂತಿದ್ದ.

"ಅವಳು ಹೋದ್ರೆ ನಾನೂ ಹೋಗ್ತೀನಮ್ಮ. ಆ ನಲವತ್ತು ತೋಳು ಮೊದಲು ಬಂದಿದ್ದು ನನ್ನ ಕೈಗೆ. ನಿನಗೇನಾಗಿದೆ ಅಂತ ಇವಳನ್ನ ಆವತ್ತೇ ಕೇಳ್ಬೇಕಿತ್ತು... ಕೇಳ್ಲಿಲ್ಲ."

"ಯಾರೂ ಹೋಗೋದು ಬೇಡ. ನಾನೇ ಮಗಳ ಮನೆಗೆ ಹೋಗ್ತೀನಿ," ಎಂದು ಅತ್ತೆ ಚೀಲ ಎತ್ತಿಕೊಂಡು ದುಮುದುಮು ಹೊರಟರು. ಬೀದಿಯ ತಿರುವಿನಿಂದ ವಾಪಸು ಬಂದು ಇಸ್ತ್ರಿಯ ಪ್ಲಗ್ ಮುಟ್ಟಿ ನೋಡಿದರು. ಕಿತ್ತೇ ಇತ್ತು. ಮತ್ತೆ ಹೋದರು, ಮತ್ತೆ ಬಂದರು. ಎಷ್ಟೋ ವರ್ಷಗಳಿಂದ ಇದೇ ಪಾಡು. ಮನೆಯವರೆಲ್ಲ ತಮಾಷೆ ಮಾಡಿ ಸುಮ್ಮನಾಗಿದ್ದರು. ಮೂರನೆಯ ಸಲ ಬಾಗಿಲಲ್ಲೇ ಬೆವರುತ್ತಾ ನಿಂತಾಗ ಸೊಸೆ ನಗಲಿಲ್ಲ. ಆ ಮುಖದ ಮೇಲಿನ ಭಯ ಅವಳಿಗೆ ಗೊತ್ತಿತ್ತು.

"ಎದೆ ಹೊಡ್ಕೊಳ್ತಿದ್ಯಾ ಅತ್ತೆ?"

"ಯಾವಾಗ್ಲೂ... ನಾನು ಹೋದ ಕೂಡ್ಲೇ ಮನೆ ಉರಿದುಹೋಗತ್ತೆ ಅನ್ಸತ್ತೆ ಕಣೇ. ಇದೇ ಭಯಕ್ಕೆ ಮಗಳ ಹೆರಿಗೆಗೂ ಹೋಗ್ಲಿಲ್ಲ..." ಇಸ್ತ್ರಿಯಮ್ಮ ಬಿಕ್ಕಿ ಬಿಕ್ಕಿ ಅತ್ತರು. "ಇದಕ್ಕೂ ಔಷಧಿ ಇದ್ಯಾ?"

"ಔಷಧಿನೋ, ಬರೀ ಮಾತುಕತೆನೋ, ಡಾಕ್ಟರೇ ಹೇಳ್ಲಿ. ನನ್ನ ಮಾತ್ರೆ ಮಾತ್ರ ಕೊಡಲ್ಲ, ಇನ್ನೊಂದು ಸಲ ನನ್ನ ಡಬ್ಬ ಹುಡುಕ್ಬೇಡಿ."

ಅಳುವಿನ ನಡುವೆಯೇ ಅತ್ತೆಗೆ ನಗು ಬಂತು. ಮರುದಿನ ಅತ್ತೆ ಸೊಸೆ ಒಟ್ಟಿಗೇ ಹೋದರು. ದಾರದ ನೆವ ಯಾರೂ ಹೇಳಲಿಲ್ಲ.

ಐದು ತಿಂಗಳಾದ ಮೇಲೆ ಒಂದು ಬೆಳಗ್ಗೆ ಇಸ್ತ್ರಿಯಮ್ಮ ಮಗಳ ಮನೆಗೆ ಹೊರಟರು. ಪ್ಲಗ್ ಅನ್ನು ಒಮ್ಮೆ ನೋಡಿ ಮೆಟ್ಟಿಲಿಳಿದರು. ತಿರುವಿನಲ್ಲಿ ಕಾಲು ತಡೆಯಿತು. ಮಗ, ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು... ಅತ್ತೆ ಹಿಂದಿರುಗಲಿಲ್ಲ. ಚೀಲವನ್ನು ಎದೆಗವಚಿಕೊಂಡು ಬಸ್ಸಿನತ್ತ ನಡೆದರು. ಅದರೊಳಗೆ ಮೊಮ್ಮಗಳಿಗೆಂದು ಸೊಸೆಯೇ ಕತ್ತರಿಸಿದ ಪುಟ್ಟ ಅಂಗಿಯಿತ್ತು, ಒಂದು ಎಡತೋಳು, ಒಂದು ಬಲತೋಳು.