ತುಂಬಿದ ಬಟ್ಟಲು

"ಅಯ್ಯೋ, ಇದೇನು ಮಾಡಿಬಿಟ್ಟೆ!"

ಅತ್ತೆ ಬುರುಲ್ ಕೂಗಿದ ಕೂಗಿಗೆ ಬೆಗಾಯಿಮ್ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಚಹಾದ ಬಟ್ಟಲು ಅಂಚಿನವರೆಗೂ ತುಂಬಿತ್ತು. ಅದೂ ಯಾರಿಗೆ? ಗಂಡನ ದೊಡ್ಡಪ್ಪ ಮಾಂಬೆತ್‌ಗೆ, ಮನೆತನಕ್ಕೇ ಹಿರಿಯನಿಗೆ! ಚಹಾದ ನೀರು ಕಾಯುವ ಸಮೋವಾರದ ಪಕ್ಕ ಕೂತ ಸೊಸೆ ಅರ್ಧರ್ಧ ಬಟ್ಟಲು ಸುರಿಯಬೇಕು, ಮುಗಿದ ಹಾಗೆ ಮತ್ತೆ ಸುರಿಯಬೇಕು, ಅದು ಮರ್ಯಾದೆ. ತುಂಬ ಸುರಿದರೆ "ಕುಡಿದು ಎದ್ದು ನಡಿ" ಎಂದ ಹಾಗೆ. ಹದಿಮೂರು ವರ್ಷ ತಪ್ಪದ ಕೈ ಇವತ್ತೇ ತಪ್ಪಬೇಕೇ? ಪಾಪ, ಅವಳ ಕಣ್ಣು ಕಿಟಕಿಯಾಚೆಗಿತ್ತು. ಬೆಟ್ಟದ ಕಣಿವೆಯ ಮೇಲೆ ಮೋಡ ಕವಿಯುತ್ತಿತ್ತು. ಒಮ್ಮೆ ಹಿಮ ಸುರಿದರೆ ದಾರಿ ಮುಚ್ಚಿಹೋಗುತ್ತದೆ. ಹಿಮನದಿಯಲ್ಲಿ ತಾನೇ ನೆಟ್ಟ ಕಂಬಗಳನ್ನು ನೋಡಿ, ಈ ಬೇಸಿಗೆಯಲ್ಲಿ ಎಷ್ಟು ಕರಗಿತೆಂದು ಅಳೆಯಲು ಇನ್ನೆರಡೇ ದಿನ. ಅವಳು ಕೆಲಸ ಮಾಡುವ ಸಂಸ್ಥೆಯ ಜೀಪು ಬೆಳಿಗ್ಗೆಯೇ ಬರಬೇಕಿತ್ತು...

"ಜೀಪಿಗೆ ಕಾಯ್ತಿದ್ದೀಯೇನಮ್ಮ? ಕಾಯ್ಬೇಡ." ಮಾಂಬೆತ್ ಬಟ್ಟಲನ್ನು ಪಕ್ಕಕ್ಕೆ ತಳ್ಳಿದ. "ನಿಮ್ಮ ಸಾಹೇಬರ ಹತ್ರ ನಾನೇ ಮಾತಾಡಿದ್ದೀನಿ. ಇನ್ಮೇಲೆ ನೀನು ಆಫೀಸಲ್ಲಿ ಕೂತು ಕಾಗದ ಜೋಡಿಸಿದ್ರೆ ಸಾಕು. ನಿನ್ನ ಹತ್ರಾನೇ ಕೆಲಸ ಕಲಿತನಲ್ಲ, ಆ ಹುಡುಗನೇ ಇನ್ನು ಬೆಟ್ಟದ ತಂಡಕ್ಕೆ ಯಜಮಾನ."

"ಯಾಕೆ ಮಾವ? ನಾನೇನು ತಪ್ಪು ಮಾಡ್ದೆ?"

"ಹನ್ನೆರಡು ವರ್ಷದ ಅಳತೆ ಪುಸ್ತಕದಲ್ಲಿ ಒಂದು ವರ್ಷ ಖಾಲಿ ಬಿಟ್ಟಿದ್ದೀಯಂತೆ! 'ಹೆಂಗಸರನ್ನ ನಂಬಿದ್ರೆ ಹೀಗೇ' ಅಂದ್ರು. ನಾನೂ ಹೌದು ಅಂದೆ. ಸೊಸೆ ಇನ್ನು ಬೆಟ್ಟ ಹತ್ತೋದು ಬೇಡ ಅಂತ ನಿಮ್ಮತ್ತೆ ಕೇಳ್ಕೊಂಡಿದ್ದಕ್ಕೇ ತಾನೇ ನಾನು ಹೋಗಿ ಮಾತಾಡಿದ್ದು?"

ಬೆಗಾಯಿಮ್ ಅತ್ತೆಯತ್ತ ನೋಡಿದಳು. ಬುರುಲ್ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು. ಆ ಖಾಲಿ ವರ್ಷ! ಆರು ವರ್ಷದಿಂದ ಊರೆಲ್ಲ ಆಡಿಕೊಳ್ಳುವುದು ಒಂದೇ ಮಾತು: 'ಹಿಮದ ಹುಚ್ಚಿಗೆ ಬೆಟ್ಟ ಹತ್ತಿ ಹೊಟ್ಟೆಯ ಕೂಸನ್ನು ಕಳೆದುಕೊಂಡವಳು.' ಹಾಗೆಂದು ಹಬ್ಬಿಸಿದವಳು ಅತ್ತೆಯೇ. ಬೆಗಾಯಿಮ್ ಒಂದು ದಿನವೂ ತುಟಿ ಬಿಚ್ಚಿರಲಿಲ್ಲ. ಮನೆಯಲ್ಲಿ, ಹೋದೆ ಎಂದು ಬೈಗುಳ. ಸಂಸ್ಥೆಯಲ್ಲಿ, ಹೋಗಲಿಲ್ಲ ಎಂದು ಶಿಕ್ಷೆ! ಅತ್ತ ದರಿ, ಇತ್ತ ಪುಲಿ. ಹೆಣ್ಣಾಗಿ ಹಿಮ ಅಳೆಯಹೊರಟವಳು ಯಾರ ಮುಂದೆ ಹೋಗಿ ನ್ಯಾಯ ಕೇಳಬೇಕು?

"ದೊಡ್ಡಪ್ಪ, ಆ ವರ್ಷ ಅವಳು..." ಎಂದು ಗಂಡ ತಿಲೆಕ್ ಬಾಯಿ ತೆರೆದ.

"ನೀನು ಸುಮ್ನಿರೋ! ಹೆಂಡತಿ ಬೆಟ್ಟಕ್ಕೆ, ಗಂಡ ಒಲೆ ಮುಂದೆ. ಚೆನ್ನಾಗಿದೆ ಸಂಸಾರ! ನಮ್ಮ ವಂಶದ ಕುಡೀನ ಹಿಮದಲ್ಲಿ ಹೂತು ಬಂದವಳು, ಈಗ ನನ್ನನ್ನೇ ಮನೆಯಿಂದ ಎಬ್ಬಿಸ್ತಾಳೆ. ಏನಮ್ಮಾ, ಬಗ್ಗಿ ತಪ್ಪಾಯ್ತು ಅನ್ನು!"

ಬೆಗಾಯಿಮ್ ಎದ್ದಳು. ತಲೆವಸ್ತ್ರ ಸರಿಮಾಡಿಕೊಂಡು, ಮಂಡಿಯ ಮೇಲೆ ಕೈಯೂರಿ ಬಗ್ಗಿದಳು. ಒಂದು ಸಲ... ಎರಡು ಸಲ...

"ಸಾಕು! ಬಗ್ಗಬೇಡ ಮಗಳೇ!"

ಅತ್ತೆ ಅವಳನ್ನು ಮಗಳೇ ಎಂದದ್ದು ಅದೇ ಮೊದಲು. ಬುರುಲ್ ಕೈಯಲ್ಲಿದ್ದ ರೊಟ್ಟಿಯ ಚೂರು ಕೆಳಗೆ ಬಿತ್ತು.

"ಭಾವ, ಆ ವರ್ಷ ಇವಳು ಬೆಟ್ಟ ಹತ್ತಲೇ ಇಲ್ಲ. ನಾನು ಸೊಂಟ ಮುರ್ಕೊಂಡು ಮಲಗಿದ್ದೆನಲ್ಲ... ಐದು ತಿಂಗಳ ಬಸುರಿ, ನನ್ನನ್ನ ಎತ್ತಿ ಕೂರಿಸಿದಳು, ನನ್ನ ಹೇಲು ಉಚ್ಚೆ ಬಳಿದಳು. 'ನೀರು ಹೊರಬೇಡ ಕಣೇ' ಅಂತ ಒಂದು ಮಾತು ನಾನು ಹೇಳಬಹುದಿತ್ತು. ಹೇಳಲಿಲ್ಲ! ಬಕೆಟ್ ಹಿಡ್ಕೊಂಡು ಕಾಲುವೆ ಹತ್ರ ಕುಸಿದುಬಿದ್ದಳು... ಕೂಸು ಹೋಯ್ತು. ನನ್ನಿಂದ ಹೋಯ್ತು ಅನ್ನೋಕೆ ನಾಲಿಗೆ ಏಳಲಿಲ್ಲ ಭಾವ. ತಪ್ಪನ್ನ ಹಿಮದ ಮೇಲೆ ಹಾಕಿಬಿಟ್ಟೆ. ಹಿಮಕ್ಕೂ ಬಾಯಿಲ್ಲ, ಇವಳಿಗೂ ಬಾಯಿಲ್ಲ..."

ಆರು ವರ್ಷ ತಡೆದಿಟ್ಟಿದ್ದ ಅಳು ಬೆಗಾಯಿಮ್‌ಗೆ ಒತ್ತರಿಸಿ ಬಂತು. ಈ ಮುದುಕಿಯನ್ನು ಅಪ್ಪಿಕೊಳ್ಳಬೇಕೋ, ದೂರ ತಳ್ಳಬೇಕೋ ತಿಳಿಯಲಿಲ್ಲ.

"ತಿಲೆಕ್, ಎರಡು ಕುದುರೆಗೆ ಜೀನು ಹಾಕು," ಎಂದಳು ಬುರುಲ್. "ಜೀಪು ಬರದಿದ್ರೆ ಬೇಡ."

"ಅತ್ತೆ, ಕೆಲಸ ಆಗಲೇ ಬೇರೆಯವರಿಗೆ ಕೊಟ್ಟಾಗಿದೆಯಲ್ಲ..."

"ಯಜಮಾನಿಕೆ ಕೊಟ್ಟಿದ್ದಾರೆ. ಕಂಬ ನೆಟ್ಟವಳು ನೀನು, ನೀನೇ ಅಳೆದು ಬಾ. ಆ ಖಾಲಿ ವರ್ಷಕ್ಕೆ ನಿಮ್ಮ ಸಾಹೇಬರ ಮುಂದೆ ನಾನೇ ಬಂದು ಉತ್ತರ ಹೇಳ್ತೀನಿ. ಅವರು ಕೇಳ್ತಾರೋ ಇಲ್ವೋ... ಹೇಳೋದಂತೂ ಹೇಳ್ತೀನಿ."

ಅವಳು ಒಂದು ಇಡೀ ರೊಟ್ಟಿಯನ್ನು ಸೊಸೆಯ ಮುಂದೆ ಹಿಡಿದಳು. ದೂರ ಹೊರಟವರು ಕಚ್ಚಿ ಹೋಗಬೇಕು. ಉಳಿದದ್ದು ಅವರು ಮರಳುವವರೆಗೆ ಮನೆಯಲ್ಲಿ ಕಾಯುತ್ತದೆ. ಹನ್ನೊಂದು ಸಲ ಬೆಟ್ಟಕ್ಕೆ ಹೋದಾಗಲೂ ಬೆಗಾಯಿಮ್‌ಗೆ ಯಾರೂ ರೊಟ್ಟಿ ಹಿಡಿದಿರಲಿಲ್ಲ. ಅಳುತ್ತಲೇ ಕಚ್ಚಿದಳು.

ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತಿರುವಾಗ ಹಿಂದಿನಿಂದ ಮಾಂಬೆತ್‌ನ ಗೊಣಗು ಕೇಳಿಸಿತು.

"ಸೊಸೆ ಬೆಟ್ಟಕ್ಕೆ ಹೊರಟಳು. ಇನ್ನು ನನಗೆ ಚಹಾ ಕೊಡೋರು ಯಾರು?"

"ನಾನಿದ್ದೀನಲ್ಲ ಭಾವ."

ಬೆಗಾಯಿಮ್ ತಿರುಗಿ ನೋಡಿದಳು. ಅತ್ತೆ ನೋಯುವ ಸೊಂಟ ಹಿಡಿದುಕೊಂಡು ಸಮೋವಾರದ ಪಕ್ಕ, ಸೊಸೆಯ ಜಾಗದಲ್ಲಿ, ಕೂತಿದ್ದಳು. ಸುರಿದಳು, ಸುರಿದಳು... ಅಂಚಿನವರೆಗೂ ಸುರಿದಳು. ಒಂದು ಹನಿಯೂ ಚೆಲ್ಲದಂತೆ ಎರಡು ಕೈಯಲ್ಲೂ ಹಿಡಿದು ಭಾವನ ಮುಂದಿಟ್ಟಳು.

"ಕುಡೀರಿ," ಎಂದಳು.