ಕತ್ತೆಕಿವಿಯ ಪತ್ರ

"ಏನಂತ ಬರೀಲಮ್ಮಾ ನಾನು? 'ನಿಮ್ಮ ಕೂದಲು ಬೆಳೆದಿರುತ್ತೆ, ಬೇಗ ಬನ್ನಿ' ಅಂತಾನಾ?"

ಕಟಿಂಗ್ ಅಂಕಲ್ ಬಾಚಣಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡು, ಕೈಯಲ್ಲಿದ್ದ ಬಿಳಿ ಹಾಳೆಯನ್ನು ಹಾವನ್ನು ನೋಡಿದ ಹಾಗೆ ನೋಡುತ್ತಿದ್ದರು.

"ಅದನ್ನೇ ಬರೀರಿ ಅಂಕಲ್, ಚೆನ್ನಾಗಿದೆ," ಎಂದಳು ಸಾಸಿವೆ.

ಅವಳ ನಿಜವಾದ ಹೆಸರು ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದವರಿಗೆಲ್ಲ ಅವಳು ಸಾಸಿವೆಯೇ. ಸ್ವಲ್ಪ ಬಿಸಿ ತಾಗಿದರೂ ಸಾಕು, ಚಟಪಟ ಸಿಡಿಯುತ್ತಾಳೆ ಎಂದು ಅಜ್ಜಿ ಇಟ್ಟ ಹೆಸರು ಅದು.

ಸಾಸಿವೆಯ ಮಾಮ ಪತ್ರಿಕೆಯ ಫೋಟೋಗ್ರಾಫರ್. ಏಳು ತಿಂಗಳ ಹಿಂದೆ ಅವರೂ ವರದಿ ಬರೆಯುವ ಒಬ್ಬ ಅಕ್ಕನೂ ದೂರದ ಒಂದು ದೇಶಕ್ಕೆ ಹೋಗಿದ್ದರು. ಅಲ್ಲಿ ಪೊಲೀಸರು ಜನರನ್ನು ಹೊಡೆಯುವುದನ್ನು ಮಾಮ ಫೋಟೋ ತೆಗೆದರು, ಅಕ್ಕ ಅದನ್ನು ಬರೆದರು. ಅಷ್ಟಕ್ಕೇ ಅಲ್ಲಿನ ಸರ್ಕಾರ ಇಬ್ಬರನ್ನೂ ಜೈಲಿಗೆ ಹಾಕಿತು.

ಮೊದಲ ವಾರ ಬೀದಿಯೇ ಮನೆಗೆ ಬಂದಿತ್ತು. ಬೇಕರಿಯ ಗಾಜಿನ ಮೇಲೆ, ಬಸ್ ಸ್ಟಾಪಿನ ಕಂಬದ ಮೇಲೆ, ಎಲ್ಲೆಲ್ಲೂ ಮಾಮನ ಪೋಸ್ಟರ್. ಟಿವಿಯವರು ಬಂದು ಅಜ್ಜಿಯನ್ನು ಮಾತಾಡಿಸಿದರು. ಸ್ಕೂಲಿನವರೆಲ್ಲ ಮೇಣದಬತ್ತಿ ಹಿಡಿದು ನಡೆದರು. ಈಗ ಪೋಸ್ಟರುಗಳಲ್ಲಿ ಮಾಮನ ಮುಖ ಬಿಸಿಲಿಗೆ ಬಿಳಿಚಿಕೊಂಡಿತ್ತು. ಬಸ್ ಸ್ಟಾಪಿನಲ್ಲಂತೂ ಸೋಫಾ ಸೇಲಿನ ಜಾಹೀರಾತು ಅವರ ಮೂಗಿನವರೆಗೂ ಬಂದಿತ್ತು.

ಉಳಿದಿದ್ದು ಪತ್ರಗಳು. ತಿಂಗಳಿಗೊಮ್ಮೆ ಒಂದು ಕಟ್ಟು ಪತ್ರ ಕಳಿಸಬಹುದಿತ್ತು. ಆದರೆ ಜೈಲಿನಲ್ಲಿ ನಮ್ಮ ಭಾಷೆ ಬಲ್ಲವರೊಬ್ಬರು ಕೂತು ಪ್ರತಿಯೊಂದನ್ನೂ ಓದುತ್ತಾರಂತೆ. ಮಳೆ, ಬೆಕ್ಕು, ಪರೀಕ್ಷೆ, ನೆಗಡಿ, ಏನು ಬೇಕಾದರೂ ಬರೆಯಬಹುದು. ಆ ಸರ್ಕಾರವನ್ನು ಮಾತ್ರ ಬೈಯುವ ಹಾಗಿಲ್ಲ. ಒಂದು ಪತ್ರ ಕೆಟ್ಟರೆ ಇಡೀ ಕಟ್ಟೇ ಕಸದ ಬುಟ್ಟಿಗೆ. ಹೋದ ತಿಂಗಳು ಯಾರೂ ಪತ್ರಗಳನ್ನು ಓದಿ ನೋಡಿರಲಿಲ್ಲ. ಈ ಸಲ ಮಾಮನ ಕೇಸು ನೋಡಿಕೊಳ್ಳುತ್ತಿದ್ದ ಲಾಯರ್ ಆಂಟಿ ಆ ಕೆಲಸವನ್ನು ಸಾಸಿವೆಗೆ ಕೊಟ್ಟಿದ್ದರು. "ನೀನು ಓದಿ ಪಾಸ್ ಮಾಡಿದ್ರೆ ಮುಗೀತು," ಎಂದಿದ್ದರು.

ಕಟಿಂಗ್ ಅಂಕಲ್ ಬರೆದು ಮುಗಿಸಿದರು. ಸಾಸಿವೆ ಬೆರಳಿಟ್ಟು ಓದಿದಳು.

"ಅಂಕಲ್, 'ಆ ದೇಶದವರಿಗೆ ಬುದ್ಧಿ ಇಲ್ಲ' ಅಂತ ಬರೆದಿದೀರಿ."

"ಸುಳ್ಳಾ ಅದು?"

"ನಿಜ ಆದ್ರೂ ಬೇಡ. ಬೇರೆ ಹಾಳೆ ತಗೊಳ್ಳಿ."

"ಅಬ್ಬಬ್ಬ, ಇನ್ಸ್‌ಪೆಕ್ಟರಮ್ಮ!" ಎಂದು ಅಂಕಲ್ ಮತ್ತೆ ಬರೆಯಲು ಕೂತರು.

ಕುರ್ಚಿಯಲ್ಲಿ ಗಡ್ಡಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಕಾಯುತ್ತಿದ್ದವರು ಬೀಗದ ತಾತ. ಪಕ್ಕದಲ್ಲೇ ಅವರ ಬೀಗ ರಿಪೇರಿ ಅಂಗಡಿ. ಅವರು ಕನ್ನಡಿಯಲ್ಲೇ ಸಾಸಿವೆಯನ್ನು ನೋಡಿ ಗುರುಗುಟ್ಟಿದರು.

"ನನ್ನ ಗಡ್ಡ ಒಣಗ್ತಾ ಇದೆ. ಇಲ್ಲಿ ಪತ್ರ ಬರೀತಾ ಕೂತಿದಾನೆ. ಅಲ್ಲಾ, ಅವನಿಗೆ ಅಲ್ಲಿಗೆ ಹೋಗು ಅಂದವರು ಯಾರು? ಹುತ್ತಕ್ಕೆ ಕೈ ಹಾಕಿದ್ರೆ ಹಾವು ಮುತ್ತು ಕೊಡುತ್ತಾ? ನಮ್ಮೂರಲ್ಲಿ ಫೋಟೋ ತೆಗೆಯೋಕೆ ಏನೂ ಇರ್ಲಿಲ್ವಾ?"

ಸಾಸಿವೆಯ ಕಿವಿ ಕೆಂಪಾಯಿತು. "ನೀವು ಬರೀಬೇಡಿ ತಾತ! ನಿಮ್ಮ ಪತ್ರ ನಮಗೆ ಬೇಡವೇ ಬೇಡ!"

"ಬರೆಯೋದೂ ಇಲ್ಲ, ಹೋಗೇ," ಎಂದರು ತಾತ. ಬಾಯಿಗೆ ನೊರೆ ಹೋಗಿ ಥೂ ಥೂ ಎಂದು ಉಗುಳಿದರು.

ಮನೆಗೆ ಬಂದರೂ ಸಾಸಿವೆಯ ಸಿಟ್ಟು ಇಳಿಯಲಿಲ್ಲ. ಅವಳ ಪತ್ರ ಇನ್ನೂ ಬಾಕಿ ಇತ್ತು. "ಮಾಮಾ, ನಾನು ಚೆನ್ನಾಗಿದೀನಿ" ಎಂದು ಬರೆದ ಮೇಲೆ ಪೆನ್ಸಿಲ್ ಮುಂದಕ್ಕೆ ಹೋಗಲಿಲ್ಲ. ಅವಳು ಹಾಳೆ ತಿರುಗಿಸಿದಳು. ಹಿಂದುಗಡೆ ಆ ದೇಶವನ್ನು ಆಳುವ ದೊಡ್ಡ ಮನುಷ್ಯನ ಚಿತ್ರ ಬರೆದಳು. ಪೇಪರಿನಲ್ಲಿ ನೋಡಿದ್ದಂತೆಯೇ ದಪ್ಪ ಮೀಸೆ, ಎದೆ ತುಂಬ ಪದಕ. ಆಮೇಲೆ ತಲೆಯ ಮೇಲೆ ಎರಡು ಕತ್ತೆಕಿವಿ. ಹಿಂದೆ ಒಂದು ಬಾಲವೂ ಬಂತು.

ಮನಸ್ಸು ಹಗುರಾಯಿತು. 'ಬೈದು ಬರೀಬಾರದು ಅಂದಿದಾರೆ. ಚಿತ್ರ ಬಿಡಿಸಬಾರದು ಅಂತ ಯಾರೂ ಹೇಳಿಲ್ಲವಲ್ಲ,' ಎಂದು ತನಗೆ ತಾನೇ ಹೇಳಿಕೊಂಡಳು. ತನ್ನ ಪತ್ರಕ್ಕೆ ತಾನೇ ಪಾಸ್ ಕೊಟ್ಟು ಕಟ್ಟಿನ ನಡುವೆ ಸೇರಿಸಿದಳು.

ಬೆಳಿಗ್ಗೆ ಅಮ್ಮ ಆಫೀಸಿಗೆ ಹೋಗುವಾಗ ಆ ಕಟ್ಟನ್ನು ಲಾಯರ್ ಆಂಟಿಗೆ ಕೊಟ್ಟು ಹೋದರು.

ಸಂಜೆ ಸ್ಕೂಲಿನಿಂದ ಬಂದಾಗ ಅಜ್ಜಿ ಕಿಟಕಿಯ ಹತ್ತಿರ ಕೂತಿದ್ದರು. ಮಡಿಲಲ್ಲಿ ಒಂದು ಚಿಕ್ಕ ಕಾಗದ. ಮಾಮನ ಕಾಗದ! ಆದರೆ ಅಜ್ಜಿ ನಗುತ್ತಿರಲಿಲ್ಲ.

"ಓದು ಪುಟ್ಟಾ. ನನ್ನ ಕನ್ನಡಕ ಯಾಕೋ ಮಂಜಾಗಿದೆ."

ನಾಲ್ಕೇ ಸಾಲು. "ಅಮ್ಮಾ, ನಾನು ಆರೋಗ್ಯವಾಗಿದ್ದೇನೆ. ಈ ತಿಂಗಳು ನಿಮ್ಮಿಂದ ಒಂದು ಪತ್ರವೂ ಬರಲಿಲ್ಲ. ಎಲ್ಲರೂ ಚೆನ್ನಾಗಿದ್ದೀರಿ ತಾನೇ? ರಾಜಕುಮಾರಿ ಬಾವಿಗೆ ಇಳಿದವಳು ಮೇಲೆ ಬಂದಳಾ?"

ಅಜ್ಜಿ ಪ್ರತಿ ತಿಂಗಳೂ ಮಾಮನಿಗೆ ಒಂದು ಹಾಳೆಯಷ್ಟೇ ಕತೆ ಬರೆಯುತ್ತಿದ್ದರು. ಅರ್ಧದಲ್ಲಿ ನಿಲ್ಲಿಸುತ್ತಿದ್ದರು. ಕತೆ ಮುಗಿಯುವವರೆಗೂ ಮಗ ಕಾಯುತ್ತಿರುತ್ತಾನೆ ಎಂಬುದು ಅವರ ಲೆಕ್ಕ. ಚಿಕ್ಕವನಿದ್ದಾಗ ಊಟ ಮಾಡಿಸಲೂ ಅವರು ಹೀಗೇ ಮಾಡುತ್ತಿದ್ದರಂತೆ.

"ಹೋದ ತಿಂಗಳು ಕಳಿಸಿದ್ವಲ್ಲ ಅಜ್ಜೀ? ಮೂವತ್ತು ಪತ್ರ!"

"ಲಾಯರಮ್ಮ ಫೋನ್ ಮಾಡಿ ವಿಚಾರಿಸಿದ್ರು. ಯಾರೋ ಒಬ್ಬರು ಕೊನೇಲಿ ಎರಡು ಬೈಗುಳ ಬರೆದಿದ್ರಂತೆ. ಇಡೀ ಕಟ್ಟನ್ನೇ ಎಸೆದುಬಿಟ್ಟಿದಾರೆ. ನನ್ನ ರಾಜಕುಮಾರಿ ಎರಡು ತಿಂಗಳಿಂದ ಬಾವಿ ಒಳಗೇ ಇದಾಳೆ ನೋಡು, ಪಾಪ." ಅಜ್ಜಿ ಕಾಗದವನ್ನು ಮಡಿಚಿದರು. "ಈ ಸಲ ಭಯ ಇಲ್ಲ. ನೀನು ಓದಿದೀಯಲ್ಲ."

ಸಾಸಿವೆ ತಟ್ಟನೆ ಗಡಿಯಾರದ ಕಡೆ ತಿರುಗಿದಳು. ಎರಡು ಉದ್ದ ಕಿವಿಗಳು ಅವಳ ಕಣ್ಣ ಮುಂದೆ ಅಲ್ಲಾಡಿದವು.

"ಅಜ್ಜೀ, ಕೊರಿಯರ್‌ನೋರು ಎಷ್ಟು ಗಂಟೆಗೆ ಬರ್ತಾರೆ?"

"ಐದಕ್ಕೆ. ಯಾಕೇ? ಎಲ್ಲಿಗೆ ಓಡ್ತೀಯಾ? ಚಪ್ಪಲಿ ಹಾಕ್ಕೊಳೇ!"

ಲಾಯರ್ ಆಂಟಿಯ ಆಫೀಸು ಬೇಕರಿಯ ಮೇಲಿನ ಮಹಡಿಯಲ್ಲಿ. ಸಾಸಿವೆ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಾಗ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. ಮೇಜಿನ ಮೇಲೆ ಕಟ್ಟು ಇತ್ತು. ಮೇಲೊಂದು ಚೀಟಿ: "ಪತ್ರಗಳು 42."

"ಏನಮ್ಮಾ ಇನ್ಸ್‌ಪೆಕ್ಟರ್? ಯಾಕೆ ಹೀಗೆ ಏದುಸಿರು ಬಿಡ್ತಿದೀಯಾ?"

ಏನೇನೋ ಹೇಳಬಹುದಿತ್ತು. ಅಕ್ಷರ ತಪ್ಪಾಗಿದೆ ಎನ್ನಬಹುದಿತ್ತು.

"ಆಂಟಿ, ಒಂದು ಪತ್ರ ಕೆಟ್ಟಿದೆ. ನಂದೇ."

ಆಂಟಿ ದಾರ ಬಿಚ್ಚಿದರು. ಅವಳ ಪತ್ರವನ್ನು ಹುಡುಕಿ ತೆಗೆದು, ತಿರುಗಿಸಿ ನೋಡಿದರು. ಅವರ ತುಟಿ ನಡುಗಿತು. ಬೈಯುತ್ತಾರೆ ಎಂದುಕೊಂಡರೆ, ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

"ಬಾಲ ಬೇರೆ!" ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು. "ನಾನೂ ಒಂದು ಸಲ ನೋಡ್ಬೇಕಿತ್ತು. ಇದು ಹೋಗಿದ್ರೆ..."

"ಗೊತ್ತು," ಎಂದಳು ಸಾಸಿವೆ ಮೆಲ್ಲಗೆ.

"ಇಲ್ಲಿ ಕೂತು ಬೇರೆ ಬರಿ. ಇನ್ನೂ ಟೈಮಿದೆ. ಆದ್ರೆ ಮೊದಲು ಬೆಳಿಗ್ಗೆ ಬಂದಿದ್ದೊಂದನ್ನ ಓದಿ ಪಾಸ್ ಮಾಡು. ನಿಮ್ಮಮ್ಮ ದಾರೀಲಿ ಬರ್ತಿದ್ದಾಗ ಯಾರೋ ಕೈಗೆ ತುರುಕಿದ್ರಂತೆ."

ಎಣ್ಣೆಯ ಬೆರಳಚ್ಚು ಬಿದ್ದಿದ್ದ ಹಾಳೆ. ದಪ್ಪ ದಪ್ಪ ಅಕ್ಷರ.

"ನೀನು ಹೋಗಿದ್ದು ತಪ್ಪು. ಈಗಲೂ ಹೇಳುತ್ತೇನೆ. ನೀನು ಪತ್ರಿಕೆಗೆ ಸೇರುವ ಮುಂಚೆ ಸ್ಟುಡಿಯೋ ಇಟ್ಟಿದ್ದಾಗ ನನ್ನ ಫೋಟೋ ತೆಗೆದೆಯಲ್ಲ, ನಾನು ಹದಿಮೂರು ಸಲ ಕಣ್ಣು ಮುಚ್ಚಿದೆ. ನೀನು ಒಂದು ಸಲವೂ ಬೇಜಾರು ಮಾಡಿಕೊಳ್ಳಲಿಲ್ಲ. ಹದಿನಾಲ್ಕನೆಯದು ಇನ್ನೂ ಅಂಗಡಿಯ ಗೋಡೆ ಮೇಲಿದೆ. ನಲವತ್ತು ವರ್ಷದಿಂದ ಈ ಊರಿನ ಬೀಗಗಳನ್ನೆಲ್ಲ ತೆಗೆದಿದ್ದೇನೆ. ನಿನ್ನ ಬೀಗ ಒಂದು ನನ್ನ ಕೈಗೆ ಎಟುಕುತ್ತಿಲ್ಲ. ಅದಕ್ಕೇ ಸಿಟ್ಟು. ನಿನ್ನ ಮೇಲಲ್ಲ."

ಸಾಸಿವೆ ಎರಡು ಸಲ ಓದಿದಳು. ಮೂರನೆಯ ಸಲ ಓದುವಾಗ ಅವಳ ಬೆರಳು "ಬೀಗ" ಎಂಬಲ್ಲಿ ನಿಂತಿತು.

"ಆಂಟಿ, ಇದನ್ನ ಓದಿದ್ರೆ ಅವರು ಏನಂದ್ಕೋತಾರೆ? ತಾತ ಜೈಲಿನ ಬೀಗ ತೆಗೆಯೋಕೆ ಬರ್ತಾರೆ ಅಂತಾನಾ?"

ಆಂಟಿ ಬಗ್ಗಿ ಓದಿದರು. "ಅಂದ್ಕೋಬಹುದು ಪುಟ್ಟಾ."

"ಆದ್ರೆ ಎಲ್ಲಾ ಪತ್ರಗಳಲ್ಲೂ ಇದೇ ಚೆನ್ನಾಗಿರೋ ಸಾಲು."

"ಹೌದು," ಎಂದರು ಆಂಟಿ.

ಸಾಸಿವೆ ಕತ್ತರಿ ಕೇಳಿ ತೆಗೆದುಕೊಂಡಳು. ಹಾಳೆಯ ಕೆಳಭಾಗವನ್ನು ನೇರವಾಗಿ, ಒಂದು ಅಕ್ಷರವೂ ಹರಿಯದಂತೆ ಕತ್ತರಿಸಿದಳು. ಆ ಪಟ್ಟಿಯನ್ನು ಮಡಿಚಿ ಜೇಬಿನೊಳಗೆ ಆಳಕ್ಕೆ ಇಳಿಸಿದಳು.

ಆಮೇಲೆ ತನ್ನ ಹೊಸ ಹಾಳೆಯ ಮೇಲೆ ಬಗ್ಗಿದಳು. ಈ ಸಲ ಪೆನ್ಸಿಲ್ ನಿಲ್ಲಲೇ ಇಲ್ಲ. ಬೀದಿಯವರೆಲ್ಲ ಬಂದು ಸಾಲಾಗಿ ನಿಂತರು. ಬಾಚಣಿಗೆ ಸಿಕ್ಕಿಸಿಕೊಂಡ ಕಟಿಂಗ್ ಅಂಕಲ್, ಬ್ಯಾಗು ಹಿಡಿದ ಅಮ್ಮ, ನಡುವೆ ಕುರ್ಚಿಯಲ್ಲಿ ಅಜ್ಜಿ. ತುದಿಯಲ್ಲಿ ಮುಖ ಗಂಟು ಹಾಕಿಕೊಂಡ ಬೀಗದ ತಾತ. ತಾತನ ಕಣ್ಣುಗಳನ್ನು ಮಾತ್ರ ಬೇಕೆಂದೇ ದೊಡ್ಡದಾಗಿ, ತಟ್ಟೆಯಷ್ಟು ಅಗಲವಾಗಿ ತೆರೆಸಿದಳು.

"ನಿಮ್ಮ ಮಾಮ ಎಲ್ಲಿ ಇದರಲ್ಲಿ?" ಆಂಟಿ ಕೇಳಿದರು.

"ಗ್ರೂಪ್ ಫೋಟೋದಲ್ಲಿ ಮಾಮ ಯಾವತ್ತೂ ಇರಲ್ಲ ಆಂಟಿ. ಅವರೇ ತೆಗೆಯೋದಲ್ವಾ? ಎಲ್ಲರೂ ಅವರನ್ನೇ ನೋಡ್ತಿದಾರೆ."

ಐದು ಗಂಟೆಗೆ ಸರಿಯಾಗಿ ಕೊರಿಯರ್‌ನವನು ಬಂದ. ತಾತನದೂ ಸೇರಿ ನಲವತ್ತಮೂರು ಪತ್ರಗಳು ಮೆಟ್ಟಿಲಿಳಿದು ಹೋದವು.

ಮನೆಗೆ ಹೋಗುವಾಗ ಸಾಸಿವೆ ಬೀಗದ ಅಂಗಡಿಯ ಮುಂದೆ ನಿಂತಳು. ತಾತ ಒಂದು ಕೀಲಿಯನ್ನು ಅರದಿಂದ ಉಜ್ಜುತ್ತಿದ್ದರು. ತಲೆ ಎತ್ತಲಿಲ್ಲ.

"ತಾತ, ನಿಮ್ಮ ಪತ್ರದ ಕೊನೆಯದ್ದು ಸ್ವಲ್ಪ ಕತ್ತರಿಸಿದೆ."

"ಗೊತ್ತಿತ್ತು. ಇನ್ಸ್‌ಪೆಕ್ಟರ್ ಬಿಡ್ತಾಳಾ?"

"ಎಸೆದಿಲ್ಲ." ಅವಳು ಜೇಬು ಮುಟ್ಟಿ ತೋರಿಸಿದಳು. "ಮಾಮ ಬಂದಾಗ ನಾನೇ ಕೊಡ್ತೀನಿ."

ಅರದ ಸದ್ದು ನಿಂತಿತು. ತಾತ ಡ್ರಾಯರ್ ಎಳೆದು, ಮುಖ ಅದರೊಳಗೇ ಬಗ್ಗಿಸಿ ಏನನ್ನೋ ಹುಡುಕತೊಡಗಿದರು. ಕೀಲಿಗಳು ಝಣಝಣ ಎಂದವು. ತುಂಬ ಹೊತ್ತು ಹುಡುಕಿದರು.

ಏನು ಬೇಕು ಎಂದು ಸಾಸಿವೆ ಕೇಳಲಿಲ್ಲ. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಳು.